ಗುರುತಿನ ಸುತ್ತಿಗೆ

ಸ್ಟೂಲು ಎತ್ತರವಾಗಿತ್ತು, ಕೂತರೆ ಕಾಲು ನೆಲ ಮುಟ್ಟುತ್ತಿರಲಿಲ್ಲ. ನಲವತ್ತನಾಲ್ಕು ವರ್ಷದ ಗಂಡಸು ಹೀಗೆ ಕಾಲು ಜೋತುಬಿಟ್ಟುಕೊಂಡು ಕೂತಿರುವುದನ್ನು ಯಾರಾದರೂ ನೋಡುತ್ತಿದ್ದಾರೋ ಎಂದು ಅವನು ಆಚೀಚೆ ಕಣ್ಣಾಡಿಸಿದ. ನೋಡುವಷ್ಟು ಪುರಸೊತ್ತು ಯಾರಿಗೂ ಇರಲಿಲ್ಲ. ಎಲ್ಲರೂ ಹಾಗೇ ಕೂತಿದ್ದರು. ಹೈಸ್ಕೂಲಿನ ಪ್ರಯೋಗಶಾಲೆಯನ್ನೇ ಪ್ರವಾಹ ಪರಿಹಾರದ ಕಚೇರಿ ಮಾಡಿದ್ದರು. ಪ್ರತಿ ಮೇಜಿಗೂ ಒಂದು ನಲ್ಲಿ, ನಲ್ಲಿಯ ಕೆಳಗೆ ಬಿಳಿ ತೊಟ್ಟಿ, ತೊಟ್ಟಿಯೊಳಗೆ ಯಾರೋ ಎಸೆದ ಟೀ ಲೋಟ. ಗೋಡೆಯ ಮೇಲೆ ಮನುಷ್ಯನ ಕಣ್ಣನ್ನು ಸೀಳಿ ತೋರಿಸುವ ದೊಡ್ಡ ಚಿತ್ರ. ಆಸಿಡ್ಡಿನ ಹಳೇ ವಾಸನೆಗೆ ಸರಿಯಾಗಿ ಒಣಗದ ಬಟ್ಟೆಗಳ ವಾಸನೆ ಸೇರಿ ತಲೆ ಹಿಡಿದುಕೊಂಡಿತ್ತು. ಈ ಮೇಜು ಯಾವ ಮರದ್ದು ಎಂದು ಅವನು ಅಭ್ಯಾಸಬಲದಿಂದ ಬೆರಳಲ್ಲಿ ಕುಟ್ಟಿ ನೋಡಿದ. ಮರವೇ ಅಲ್ಲ, ಹೊಟ್ಟು ಒತ್ತಿ ಮಾಡಿದ ಹಲಗೆ. ಸರ್ಕಾರದ ಮೇಜಿಗೇ ಮರ ಇಲ್ಲ ಅಂದರೆ ನಮ್ಮ ಗತಿ ಏನು ಅಂತ ಪಕ್ಕದಲ್ಲಿದ್ದ ತಂಡದ ಉದ್ದಣ್ಣನಿಗೆ ಹೇಳಿದರೆ ನಗುತ್ತಾನೆ ಅಂದುಕೊಂಡ. ತೊಡೆಯ ಮೇಲಿನ ಚೀಲದೊಳಗೆ ಸುತ್ತಿಗೆ ಭಾರವಾಗಿ ಕೂತಿತ್ತು.

ಅದು ಮೊಳೆ ಹೊಡೆಯುವ ಸುತ್ತಿಗೆಯಲ್ಲ. ಅದರ ಮುಖದ ಮೇಲೆ ಉಬ್ಬು ಅಚ್ಚಿದೆ: ಒಂದು ವೃತ್ತ, ವೃತ್ತದೊಳಗೆ ಎರಡು ಅಡ್ಡಗೆರೆ. ಯಜಮಾನರ ನಾಟಾ ಕಾಡಿನಲ್ಲಿ ಒಂದು ಮರ ಉರುಳಿತು ಅಂದರೆ ಅವನು ಎರಡು ಏಟು ಹಾಕಬೇಕು. ದಿಮ್ಮಿಯ ಕೊಯ್ದ ಮುಖಕ್ಕೊಂದು, ನೆಲದಲ್ಲಿ ಉಳಿದ ಬುಡಕ್ಕೊಂದು. ಆ ವೃತ್ತ ಬಿದ್ದ ದಿಮ್ಮಿಯನ್ನು ಯಾವ ತಪಾಸಣೆ ಗೇಟಿನಲ್ಲೂ ತಡೆಯುವ ಹಾಗಿಲ್ಲ, ಬೀಳದ್ದು ಕದ್ದ ಮಾಲು. ಹತ್ತೊಂಬತ್ತು ವರ್ಷದಿಂದ ಆ ಏಟು ಹಾಕುತ್ತಿದ್ದವನು ಅವನೇ ಆದ್ದರಿಂದ ಕಾಡಿನಲ್ಲಿ ಎಲ್ಲರೂ ಅವನನ್ನು ಠಸ್ಸೆ ಅನ್ನುತ್ತಿದ್ದರು. ಸಿಟ್ಟು ಬಂದಾಗ ಹೆಂಡತಿಯೂ ಹಾಗೇ ಅನ್ನುತ್ತಿದ್ದಳು. ಅವನಿಗಿಂತ ಮುಂಚಿನ ಗುರುತಿನವನು ಒಮ್ಮೆ ಸುತ್ತಿಗೆ ಕಳೆದುಕೊಂಡಿದ್ದನಂತೆ. ಸಿಕ್ಕಿದವನು ಒಂದೇ ವಾರದಲ್ಲಿ ನಲವತ್ತು ಮರ ಕಡಿದು, ಎಲ್ಲದಕ್ಕೂ ಚೊಕ್ಕವಾಗಿ ಯಜಮಾನರದೇ ವೃತ್ತ ಹೊಡೆದು, ಗೇಟಿನವನಿಗೆ ನಮಸ್ಕಾರ ಹೇಳಿ ಸಾಗಿಸಿದನಂತೆ. ಆ ಗುರುತಿನವನಿಗೆ ಆಮೇಲೆ ಯಾವ ಕಾಡಿನಲ್ಲೂ ಕೆಲಸ ಹುಟ್ಟಲಿಲ್ಲ, ಸಾಯುವ ತನಕ ಬಸ್ ನಿಲ್ದಾಣದಲ್ಲಿ ಮೂಟೆ ಹೊತ್ತ. ಆಗ ಹಳೇ ಯಜಮಾನರು, ಈಗಿನವರ ಅಪ್ಪ, ಕೆಲಸದ ಶೆಡ್ಡಿನ ಬಾಗಿಲ ಮೇಲೆ ಕೆಂಪು ಬಣ್ಣದಲ್ಲಿ ಬರೆಸಿದರು: ಅಪಾಯ ಬಂದರೆ ಮೊದಲು ಸುತ್ತಿಗೆ. ‘ಮನೆಗೆ ಬೆಂಕಿ ಬಿದ್ರೂ ಮೊದ್ಲು ಸುತ್ತಿಗೆ, ಆಮೇಲೆ ಹೆಂಡ್ತಿ’ ಅಂತ ಉದ್ದಣ್ಣ ಅದನ್ನು ತಿದ್ದಿ ಓದುತ್ತಿದ್ದ. ಎಲ್ಲರೂ ನಗುತ್ತಿದ್ದರು, ಅವನೂ ನಗುತ್ತಿದ್ದ.

‘ಇನ್ನೂ ಎಷ್ಟು ಜನ?’ ಅತ್ತಿಗೆ ಕೇಳಿದಳು. ಅವಳು ಸ್ಟೂಲಿನ ಮೇಲೆ ಕೂತಿರಲಿಲ್ಲ. ಬೆಳಗ್ಗೆಯಿಂದ ಆ ಸೀಳಿದ ಕಣ್ಣಿನ ಚಿತ್ರದ ಕೆಳಗೆ ಗೋಡೆಗೊರಗಿ ನಿಂತಿದ್ದಳು. ಕಾಲು ನೆಲದ ಮೇಲಿದ್ದರೇನೇ ನಂಗೆ ಮಾತು ಬರೋದು ಅಂದಿದ್ದಳು. ‘ಮೂರು ಜನ,’ ಅಂದ. ಮೂರು ವಾರದಿಂದ ಅವಳು ಅವನ ಹತ್ತಿರ ಹೀಗೇ, ಬೇಕಾದಷ್ಟೇ ಮಾತು. ಐದು ಜನರ ತಂಡ ಅವರದು. ಇಬ್ಬರು ಹೊರಗೆ ಮೈದಾನದಲ್ಲಿ ಕಾಯುತ್ತಿದ್ದರು, ಉದ್ದಣ್ಣ ಪಕ್ಕದ ಸ್ಟೂಲಿನಲ್ಲಿದ್ದ, ಅವನೊಬ್ಬನ ಕಾಲು ಮಾತ್ರ ನೆಲಕ್ಕೆ ಎಟುಕಿತ್ತು. ಐದು ಜನಕ್ಕೂ ಸೇರಿ ಒಂದೇ ಬಿಳಿ ಅರ್ಜಿ. ಕಾಡು ಕೆಲಸದವರು ಪ್ರವಾಹದಲ್ಲಿ ಕಳೆದುಕೊಂಡ ಉಪಕರಣಕ್ಕೆ ಬದಲಿ ಉಪಕರಣ ಕೊಡುತ್ತಾರೆ, ಗರಗಸಕ್ಕೆ ಗರಗಸ, ಅರ್ಜಿಗೆ ಇವತ್ತೇ ಕೊನೇ ದಿನ. ನದಿ ಉರುಳಿಸಿ ಹೋದ ಮರಗಳನ್ನು ತೆರವು ಮಾಡುವ ಕೆಲಸ ಮುಂದಿನ ವಾರ ಶುರುವಾಗುತ್ತದೆ; ಎರಡು ವರ್ಷಕ್ಕೂ ಮುಗಿಯದಷ್ಟು ಕೆಲಸ. ಗರಗಸ ಇದ್ದ ತಂಡಕ್ಕೆ ಮಾತ್ರ. ಇಲ್ಲವಾದರೆ ಹೊರಗಿನ ಕಂಟ್ರಾಕ್ಟರು ತನ್ನ ಜನ, ತನ್ನ ಯಂತ್ರ ತಂದು ಇಳಿಸುತ್ತಾನೆ, ಇವರು ಐದು ಜನ ರಸ್ತೆ ಬದಿಗೆ ನಿಂತು ಲಾರಿ ಲೆಕ್ಕ ಹಾಕಬೇಕು. ಅರ್ಜಿಯ ಮೂರನೇ ಪುಟದಲ್ಲಿ ಒಂದು ಪ್ರಶ್ನೆ ಇತ್ತು. ಉಪಕರಣವನ್ನು ರಕ್ಷಿಸಿಕೊಳ್ಳಲು ಅವಕಾಶವಿತ್ತೇ? ಹೌದು ಅಥವಾ ಇಲ್ಲ. ಹೌದು ಅಂದರೆ ಅಲ್ಲಿಗೆ ಮುಗಿಯಿತು, ಏನೂ ಇಲ್ಲ. ಉದ್ದಣ್ಣ ದುಂಡಗಿನ ಅಕ್ಷರದಲ್ಲಿ ಇಲ್ಲ ಅಂತ ಬರೆದಿದ್ದ. ಕೆಳಗೆ ಕಾರಣವನ್ನೂ ಬರೆದಿದ್ದ: ನೀರು ಎದೆಮಟ್ಟ ಇದ್ದುದರಿಂದ ಶೆಡ್ಡಿನ ಒಳಗೆ ಹೋಗಲು ಸಾಧ್ಯವಾಗಲಿಲ್ಲ.

ಎದೆಮಟ್ಟ. ಆ ಮಾತು ಮೊದಲು ಬಂದದ್ದು ಅವನದೇ ಬಾಯಿಂದ. ಆ ಮಧ್ಯಾಹ್ನ ಎಲ್ಲರೂ ಮೇಲಿನ ರಸ್ತೆಗೆ ಓಡಿ ನಿಂತಿದ್ದರು, ಕೆಳಗೆ ಕಾಡಿನೊಳಗೆ ನದಿ ತನ್ನ ಮನೆ ಅನ್ನುವಂತೆ ನುಗ್ಗುತ್ತಿತ್ತು, ಬುಡಸಮೇತ ಕಿತ್ತ ಮರಗಳು ಒಂದಕ್ಕೊಂದು ಢಿಕ್ಕಿ ಹೊಡೆಯುವ ಸದ್ದು. ಅತ್ತಿಗೆ ಅವನ ಮುಂದೆ ಬಂದು ನಿಂತು, ‘ಮಿಷನ್?’ ಅಂದಳು. ಒಂದೇ ಮಾತು. ‘ಎದೆಮಟ್ಟ ನೀರು ಅತ್ತಿಗೆ, ಒಳಗೆ ಹೋಗಕ್ಕೇ ಆಗ್ಲಿಲ್ಲ,’ ಅಂದುಬಿಟ್ಟ. ಕೈಯಲ್ಲಿ ಸುತ್ತಿಗೆ ಇತ್ತು. ಅವಳು ಸುತ್ತಿಗೆಯನ್ನು ನೋಡಿದಳು, ಅವನನ್ನು ನೋಡಿದಳು, ಆಮೇಲೆ ನದಿಯ ಕಡೆ ತಿರುಗಿದಳು. ಆ ಸಂಜೆಯಿಂದ ಉದ್ದಣ್ಣನ ಬಾಯಲ್ಲಿ ನೀರು ಏರತೊಡಗಿತು. ಮಾರನೇ ದಿನ ಕುತ್ತಿಗೆ ಮಟ್ಟಕ್ಕೆ ಬಂತು, ನಾಲ್ಕನೇ ದಿನಕ್ಕೆ ಠಸ್ಸೆ ಈಜಿಕೊಂಡೇ ಹೋಗಿ ಬಂದ ಅನ್ನುವ ತನಕ ಹೋಯಿತು. ನದಿ ಇಳಿದು ವಾರವಾದರೂ ಈ ನೀರು ಮಾತ್ರ ಇಳಿಯಲಿಲ್ಲ. ಜನ ಬೆನ್ನು ತಟ್ಟಿದರು. ಪ್ರತಿ ಸಲ ಬೆನ್ನು ತಟ್ಟಿಸಿಕೊಳ್ಳುವಾಗಲೂ ಅವನು ತಲೆ ತಗ್ಗಿಸುತ್ತಿದ್ದ, ಅವರು ಅದನ್ನು ವಿನಯ ಅಂದುಕೊಂಡರು. ಅತ್ತಿಗೆ ಒಬ್ಬಳು ಮಾತ್ರ ಆ ಕತೆ ಕೇಳುವಾಗ ಎದ್ದು ಪಾತ್ರೆ ತೊಳೆಯಲು ಹೋಗುತ್ತಿದ್ದಳು. ಆ ವಾರ ಅವನ ಹೆಂಡತಿಗೆ ಜ್ವರ, ಮನೆಯ ಕೆಲಸವೆಲ್ಲ ಅತ್ತಿಗೆಯ ತಲೆ ಮೇಲೇ ಬಿದ್ದಿತ್ತು. ಅವನ ಕೆಸರಿನ ಪ್ಯಾಂಟನ್ನೂ ಒಗೆದು, ಒಲೆಯ ಮೇಲಿನ ಹಗ್ಗದಲ್ಲಿ ಒಣಗಿಸಿ, ಮಡಚಿ ಅವನ ಮಂಚದ ತುದಿಗೆ ಇಟ್ಟು ಹೋಗಿದ್ದಳು.

ಆ ಮಿಷನ್ ಗರಗಸ ಅಣ್ಣನದು. ಅಣ್ಣ ತೀರಿಹೋದ ತಿಂಗಳಿಗೆ ಅತ್ತಿಗೆ ಅದನ್ನು ಹೆಗಲಿಗೇರಿಸಿಕೊಂಡು ಕಾಡಿಗೆ ಬಂದಿದ್ದಳು. ಹೆಂಗಸು ಮರ ಕೊಯ್ಯೋದು ಉಂಟಾ, ಅಡುಗೆಮನೆಯಲ್ಲಿ ತರಕಾರಿ ಮುಗೀತಾ ಅಂತ ಅಂದವರಲ್ಲಿ ಅವನೂ ಒಬ್ಬ. ಜೋರಾಗಿ ಅನ್ನಲಿಲ್ಲ, ಪಕ್ಕದವನ ಕಿವಿಯಲ್ಲಿ ಅಂದಿದ್ದ. ಅದು ಅವಳಿಗೆ ಕೇಳಿಸಿತ್ತೋ ಇಲ್ಲವೋ ಇವತ್ತಿಗೂ ಗೊತ್ತಿಲ್ಲ. ಎಂಟು ತಿಂಗಳು ಒಣಗಿದ ಬುಡಗಳ ಮೇಲೆ ಕೈ ಪಳಗಿಸಿದಳು. ಮೊದಲನೇ ಮರ ಉರುಳಿಸುವ ದಿನ ಒಂದು ಕೋಲು ತಂದು ಹದಿನೈದು ಹೆಜ್ಜೆ ಆಚೆ ನೆಲಕ್ಕೆ ನೆಟ್ಟಳು. ಏನಕ್ಕೆ ಅಂದರೆ ಹೇಳಲಿಲ್ಲ. ಮರ ಬಂದು ಆ ಕೋಲನ್ನೇ ನೆಲಕ್ಕೆ ಹೂತಿತು. ಅವತ್ತು ಅವನು ವೃತ್ತ ಹೊಡೆಯಲು ಬಗ್ಗಿದಾಗ ಕೊಯ್ದ ಮುಖ ಬಾಳೆದಿಂಡು ಕತ್ತರಿಸಿದಷ್ಟು ನಯವಾಗಿತ್ತು, ಸುತ್ತಿಗೆ ಎತ್ತಲು ಒಂದು ಗಳಿಗೆ ಮನಸ್ಸು ಬರಲಿಲ್ಲ. ಸಂಜೆ ಅವಳು ಮಿಷನ್ನಿನ ಹಲ್ಲುಗಳನ್ನು ಒಂದೊಂದಾಗಿ ಅರ ಹಾಕಿ ಹರಿತ ಮಾಡಿ, ಅಣ್ಣನ ಹಳೇ ರೇನ್‌ಕೋಟಿನಲ್ಲಿ ಸುತ್ತಿ ಶೆಡ್ಡಿನ ಅಟ್ಟದ ಮೇಲೆ ತಂಡದ ಉಳಿದ ಗರಗಸಗಳ ಜೊತೆ ಇಡುತ್ತಿದ್ದಳು. ಮನೆಗೆ ಒಯ್ಯುತ್ತಿರಲಿಲ್ಲ. ಮನೆಯಲ್ಲಿದ್ದರೆ ಅವರೇ ಮೂಲೆಯಲ್ಲಿ ಕೂತ ಹಾಗಾಗುತ್ತೆ ಅಂತ ಒಮ್ಮೆ ಅವನ ಹೆಂಡತಿಯ ಹತ್ತಿರ ಹೇಳಿದ್ದಳಂತೆ. ಆ ರೇನ್‌ಕೋಟಿನ ನೀಲಿ ತೋಳು ಅಟ್ಟದಿಂದ ಕೆಳಗೆ ಜೋತಾಡುತ್ತಿತ್ತು. ಆ ದಿನವೂ ಜೋತಾಡುತ್ತಿತ್ತು. ಅವನು ನೋಡಿದ್ದ. ನೋಡಲಿಲ್ಲ ಅಂತ ಯಾರಿಗೆ ಬೇಕಾದರೂ ಹೇಳಬಹುದು, ಆದರೆ ನೋಡಿದ್ದ.

ಬಾಗಿಲು ತಳ್ಳಿಕೊಂಡು ಯಜಮಾನರು ಬಂದರು. ಎತ್ತರದ ರಬ್ಬರ್ ಬೂಟು, ಬೂಟಿನ ಮೇಲೆ ಒಣಗಿದ ಕೆಸರು. ಅವರ ಕಾಡಿನ ಅರ್ಧ ನೆಲಕ್ಕೊರಗಿತ್ತು, ಹನ್ನೆರಡು ವರ್ಷದ ಎಳೇ ಮರಗಳ ಇಡೀ ಇಳಿಜಾರು ಜಾರಿ ನದಿಗೆ ಸೇರಿತ್ತು. ಆ ಇಳಿಜಾರಿನಲ್ಲಿ ಸಸಿ ನೆಟ್ಟ ವರ್ಷ ಮಗಳು ಹುಟ್ಟಿದ್ದಳು ಅಂತ ಅವರು ಆಗಾಗ ಹೇಳುತ್ತಿದ್ದರು. ಮುಖ ಇಳಿದುಹೋಗಿತ್ತು. ಅವರ ಮೇಲೆ ಅವನಿಗೆ ಕನಿಕರ ಬರಬೇಕಾಗಿತ್ತು, ಬಂತು ಕೂಡ, ಅಷ್ಟರಲ್ಲಿ ಅವರು ಅಧಿಕಾರಿಯ ಮೇಜಿನ ಕಡೆ ಕೈ ತೋರಿಸಿ ‘ನಮ್ಮ ಹುಡುಗರು ಬಂದಿದ್ದಾರೆ ಮೇಡಂ, ಸುತ್ತಿಗೆ ತಂದಿದ್ದಾರೆ,’ ಅಂದರು. ಹುಡುಗರು! ಉದ್ದಣ್ಣನ ತಲೆಯಲ್ಲಿ ಒಂದು ಕಪ್ಪು ಕೂದಲು ಹುಡುಕಿದರೆ ಸಿಗುತ್ತಿರಲಿಲ್ಲ. ಅವನಿಗೆ ನಗು ಬಂತು, ಆಮೇಲೆ ನಗು ಬಂದದ್ದಕ್ಕೇ ಸಿಟ್ಟು ಬಂತು. ಯಜಮಾನರ ಕೈಯಲ್ಲಿ ಹಸಿರು ಅರ್ಜಿ, ಕಾಡಿನ ಮಾಲೀಕರದ್ದು, ಅದಕ್ಕೂ ಇವತ್ತೇ ಕೊನೇ ದಿನ. ಇನ್ನೊಂದು ಕೈಯಲ್ಲಿ ನುಣ್ಣಗೆ ಕೊಯ್ದ ಒಂದು ಮರದ ತುಂಡು. ಬಿದ್ದ ಮರಗಳನ್ನು ಸಾಗಿಸಲು ಅನುಮತಿ ಬೇಕಾದರೆ ಕಾಡಿನ ಸುತ್ತಿಗೆ ಉಳಿದಿದೆ ಅಂತ ತೋರಿಸಬೇಕು, ಹೆಸರು ನೋಂದಾಯಿಸಿದ ಗುರುತಿನವನೇ ಅಧಿಕಾರಿಯ ಕಣ್ಣೆದುರು ತುಂಡಿನ ಮೇಲೆ ಅಚ್ಚು ಹೊಡೆಯಬೇಕು. ಸುತ್ತಿಗೆ ಕೊಚ್ಚಿಹೋದವರು ಹೊಸದಕ್ಕೆ ಒಂದು ವರ್ಷ ಕಾಯಬೇಕಂತೆ. ಅಷ್ಟರಲ್ಲಿ ಬಿದ್ದ ಮರ ಕೊಳೆತು ಹುಳಕ್ಕೆ ಊಟ. ‘ಬಾರಪ್ಪ, ಒಂದು ಏಟು ಹಾಕು,’ ಅಂದರು ಯಜಮಾನರು.

ಅಧಿಕಾರಿ ಹೆಂಗಸಿಗೆ ನೆಗಡಿ. ಮೂಗು ಒರೆಸಿ ಒರೆಸಿ ಕೆಂಪಾಗಿತ್ತು. ಆದರೂ ಬಂದವರಿಗೆಲ್ಲ ಕೂತ್ಕೊಳ್ಳಿ ಅನ್ನುತ್ತಿದ್ದಳು, ಕೆಟ್ಟವಳೇನಲ್ಲ. ಒಂದೇ ಕಾಡಿನ ಎರಡು ಅರ್ಜಿಗಳು ಅಂತ ಹಸಿರನ್ನೂ ಬಿಳಿಯನ್ನೂ ಪಕ್ಕಪಕ್ಕ ಇಟ್ಟುಕೊಂಡಳು. ಅವಳ ಪೆನ್ನು ಹಸಿರಿನ ಮೇಲೆ ಒಂದು ಕಡೆ ನಿಂತಿತು, ಬಿಳಿಯ ಮೇಲೆ ಒಂದು ಕಡೆ ನಿಂತಿತು, ಮತ್ತೆ ಹಸಿರಿಗೆ ಹೋಯಿತು. ‘ಇಲ್ಲಿ ಯಜಮಾನರು ಬರೆದಿದ್ದಾರೆ,’ ಅವಳು ಓದಿದಳು, ‘ಗುರುತಿನ ಸುತ್ತಿಗೆಯನ್ನು ಕೆಲಸದ ಶೆಡ್ಡಿನಿಂದ ಕೆಲಸಗಾರನು ರಕ್ಷಿಸಿರುತ್ತಾನೆ. ಇಲ್ಲಿ ನೀವು ಬರೆದಿದ್ದೀರಿ, ಶೆಡ್ಡಿನ ಒಳಗೆ ಹೋಗಕ್ಕೇ ಆಗ್ಲಿಲ್ಲ ಅಂತ. ಸುತ್ತಿಗೆ ಶೆಡ್ಡಿನ ಹೊರಗಿತ್ತಾ?’

‘ಒಳಗೇ ಇತ್ತು,’ ಅಂದ. ‘ಮೊಳೆಗೆ ನೇತುಹಾಕಿತ್ತು.’

‘ಮತ್ತೆ ಒಳಗೆ ಹೋಗಿದ್ರಲ್ಲ?’

ಉದ್ದಣ್ಣ ಬಾಯಿ ಹಾಕಿದ. ‘ಈಜ್ಕೊಂಡು ಹೋದ ಮೇಡಂ, ಪ್ರಾಣದ ಹಂಗು ತೊರೆದು...’

‘ನೀವು ಸ್ವಲ್ಪ ಸುಮ್ನಿರಿ.’ ಅವಳು ಸೀನಿದಳು, ಕರವಸ್ತ್ರ ಮಡಚಿದಳು. ‘ನೋಡಿ, ನಂಗೆ ನಿಮ್ಮ ಮೇಲೆ ಸಂಶಯ ಅಂತಲ್ಲ. ಸುತ್ತಿಗೆ ತರೋಕಾಯ್ತು ಅಂದ್ರೆ ಗರಗಸ ತರೋಕೂ ಆಗ್ತಿತ್ತು ಅಂತ ಮೇಲಿನವರು ಕೇಳ್ತಾರೆ. ಅವಕಾಶ ಇತ್ತು ಅಂತಾಗುತ್ತೆ. ಆಗ ಈ ಅರ್ಜಿ ನಿಲ್ಲಲ್ಲ. ಕಳೆದ ವಾರ ಗರಗಸ ಅಡಗಿಸಿಟ್ಟು ಕಳೆದುಹೋಯ್ತು ಅಂದವರೂ ಇದ್ದಾರೆ.’

ಅಡಗಿಸಿಟ್ಟು. ಆ ಮಾತು ಕಿವಿಯಲ್ಲಿ ಉಳಿದುಕೊಂಡಿತು. ಒಂದೇ ಕೈ, ಒಂದೇ ಸುತ್ತಿಗೆ, ಒಂದೇ ಗಳಿಗೆ. ಹಸಿರು ಕಾಗದದ ಮೇಲೆ ಅದು ನಿಷ್ಠೆ, ಬಿಳಿ ಕಾಗದದ ಮೇಲೆ ಅದು ಕಳ್ಳತನ. ಯಜಮಾನರು ಅವನ ಹತ್ತಿರ ಬಂದು ತೋಳು ಹಿಡಿದು ಕಿಟಕಿಯ ಕಡೆ ಎಳೆದರು. ಅವರ ಉಸಿರಿನಲ್ಲಿ ಕಾಫಿಯ ವಾಸನೆ ಇತ್ತು. ‘ಒಂದು ಕೆಲಸ ಮಾಡು,’ ಅಂದರು ಮೆಲ್ಲಗೆ. ‘ಸುತ್ತಿಗೆ ಅವತ್ತು ನಿನ್ನ ಮನೇಲಿತ್ತು, ಈಗ ಬಾಯಿತಪ್ಪಿ ಶೆಡ್ಡು ಅಂದೆ ಅನ್ನು. ನನ್ನ ಅರ್ಜಿ ನಾನು ತಿದ್ಕೊಡ್ತೀನಿ. ನಿಮ್ಮ ಗರಗಸಾನೂ ಬರುತ್ತೆ, ನನ್ನ ಅನುಮತೀನೂ ಬರುತ್ತೆ. ಹಾವೂ ಸಾಯ್ಬಾರ್ದು, ಕೋಲೂ ಮುರೀಬಾರ್ದು. ಏನಂತೀಯ?’

ಅವನು ಕಿಟಕಿಯಾಚೆ ನೋಡಿದ. ಮೈದಾನದಲ್ಲಿ ತಂಡದ ಉಳಿದಿಬ್ಬರು ಗೋಲ್ ಕಂಬಕ್ಕೆ ಒರಗಿ ಕೂತಿದ್ದರು. ಸುಲಭ. ಎಷ್ಟು ಸುಲಭ. ಆ ಒಂದು ಸುಳ್ಳಿನಲ್ಲಿ ಎಲ್ಲವೂ ಮುಚ್ಚಿಹೋಗುತ್ತದೆ. ನೀರಿನ ಮಟ್ಟ, ಅಟ್ಟ, ಜೋತಾಡುತ್ತಿದ್ದ ನೀಲಿ ತೋಳು. ಮನೆಯಲ್ಲೇ ಇದ್ದ ಸುತ್ತಿಗೆಗೆ ಶೆಡ್ಡಿನೊಳಗೆ ಹೋಗುವ ಪ್ರಸಂಗವೇ ಬರುವುದಿಲ್ಲ. ಅತ್ತಿಗೆಗೂ ಅದೇ ಉತ್ತರ ಆಗುತ್ತದೆ. ಬದಲಿಗೆ ಅವನು ಸುತ್ತಿಗೆಯನ್ನು ಮನೆಗೆ ಒಯ್ದ ಗುರುತಿನವನಾಗುತ್ತಾನೆ, ಅಷ್ಟೇ ತಾನೇ. ಹತ್ತೊಂಬತ್ತು ವರ್ಷ. ಸಂಜೆ ಮೊಳೆಗೆ ಹಾಕದೆ ಒಂದು ದಿನ ಮನೆಗೆ ಹೋದವನಲ್ಲ. ಹೆಂಡತಿಗೆ ಹೆರಿಗೆ ನೋವು ಬಂದಿದೆ ಅಂತ ಹೇಳಿಕಳಿಸಿದ ದಿನವೂ ನಡುಗಾಡಿನಿಂದ ಶೆಡ್ಡಿಗೆ ಅರ್ಧ ಮೈಲಿ ಹಿಂದಕ್ಕೆ ಓಡಿ, ಸುತ್ತಿಗೆ ನೇತುಹಾಕಿ, ಬೀಗ ಎಳೆದು ನೋಡಿ, ಆಮೇಲೆ ಆಸ್ಪತ್ರೆಗೆ ಓಡಿದ್ದ. ಅವನು ಮುಟ್ಟುವಾಗ ಮಗಳು ಹುಟ್ಟಿ ಗಂಟೆಯಾಗಿತ್ತು. ಹೆಂಡತಿ ಅದನ್ನು ಈಗಲೂ ಆಡಿಕೊಳ್ಳುತ್ತಾಳೆ. ಸುತ್ತಿಗೆ ಮನೆಗೆ ಒಯ್ಯುವವನು ಅಂದರೆ ಕಾಡಿನವರ ಮಾತಿನಲ್ಲಿ ಕಳ್ಳ, ಬೇರೆ ಅರ್ಥವೇ ಇಲ್ಲ. ಇದನ್ನು ಯಜಮಾನರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಗೊತ್ತಿದ್ದೂ ಕೇಳುತ್ತಿದ್ದಾರೆ, ಅದೂ ಎಷ್ಟು ಪ್ರೀತಿಯಿಂದ ತೋಳು ಹಿಡಿದುಕೊಂಡು. ಅವರಿಗಿಂತ ಹೆಚ್ಚಾಗಿ ತನ್ನ ಮೇಲೇ ಅವನಿಗೆ ಹೇಸಿಗೆಯಾಯಿತು, ಯಾಕೆಂದರೆ ಒಂದು ಗಳಿಗೆ ಅವನು ಹೂಂ ಅನ್ನಲು ತಲೆ ಅಲ್ಲಾಡಿಸುವುದರಲ್ಲಿದ್ದ.

ಆ ದಿನ ನಡೆದದ್ದು ಬಹಳ ಸಣ್ಣದು, ಅದೇ ಅದರ ಕಷ್ಟ. ಉಳಿದವರನ್ನೆಲ್ಲ ಮೇಲಕ್ಕೆ ಓಡಿಸಿ ಕಡೆಗೆ ಅವನು ಶೆಡ್ಡಿಗೆ ನುಗ್ಗಿದ. ನೀರು ನೆಲದ ಮೇಲೆ ಸುತ್ತುತ್ತಿತ್ತು, ಎಣ್ಣೆ ಡಬ್ಬ ತೇಲುತ್ತಿತ್ತು. ಕಣ್ಣಿಗೆ ಮೊದಲು ಬಿದ್ದದ್ದು ಅಟ್ಟ, ನೀಲಿ ತೋಳು. ಏಣಿಯೂ ಅಲ್ಲೇ ಇತ್ತು. ಕೈ ಮಾತ್ರ ಮೊಳೆಯ ಕಡೆ ಹೋಯಿತು. ಅವನು ಕಳಿಸಲಿಲ್ಲ, ಅದೇ ಹೋಯಿತು. ಸುತ್ತಿಗೆಯ ಹಿಡಿ ಅಂಗೈಗೆ ಕೂತ ತಕ್ಷಣ ಮೈ ತಾನಾಗಿ ಬಾಗಿಲ ಕಡೆ ತಿರುಗಿತು, ಶೆಡ್ಡಿನಲ್ಲಿ ಇನ್ನೇನೂ ಉಳಿದಿಲ್ಲ, ಕೆಲಸ ಮುಗಿಯಿತು ಅನ್ನುವ ಹಾಗೆ. ಕೆಂಪಕ್ಷರದ ಬಾಗಿಲು ದಾಟಿ, ಏರು ಹತ್ತಿ, ನಿಯಮದ ಪ್ರಕಾರ ಸುತ್ತಿಗೆಯನ್ನು ಮೇಲಿನ ಗೇಟಿಗೆ ಮುಟ್ಟಿಸಿದ. ಮುಟ್ಟಿಸಿದ ಮೇಲೇ ನೆನಪಾದದ್ದು. ತಿರುಗಿ ನೋಡಿದಾಗ ಶೆಡ್ಡು ಇದ್ದ ಜಾಗದಲ್ಲಿ ನೀರು. ಗೇಟಿಗೆ ಮುಟ್ಟಿಸಿದ್ದನ್ನೇ ಮತ್ತೆ ಎತ್ತಿಕೊಂಡು, ಏನು ಮಾಡಬೇಕೆಂದು ತೋಚದೆ, ಅದನ್ನೇ ಹಿಡಿದು ಅತ್ತಿಗೆಯ ಮುಂದೆ ಹೋಗಿ ನಿಂತಿದ್ದ. ಮೂರು ವಾರದಿಂದ ಅವನು ಮನಸ್ಸಿನಲ್ಲೇ ಆ ಏಣಿಯನ್ನು ಎಷ್ಟು ಸಲ ಹತ್ತಿಲ್ಲ. ಎಂಟು ಮೆಟ್ಟಿಲು. ಹೋಗಿ ಬರಲು ಒಂದು ನಿಮಿಷ ಸಾಕಿತ್ತು.

‘ಏನಂತೀಯ?’ ಯಜಮಾನರು ಮತ್ತೆ ಕೇಳಿದರು.

ಅವನು ತೋಳು ಬಿಡಿಸಿಕೊಂಡ. ಮೇಜಿನ ಹತ್ತಿರ ಹೋದ, ಸ್ಟೂಲನ್ನು ಕಾಲಿನಿಂದ ಪಕ್ಕಕ್ಕೆ ಸರಿಸಿದ. ನಿಂತೇ ಮಾತಾಡಿದ. ‘ಮೇಡಂ, ಎದೆಮಟ್ಟ ಅನ್ನೋದು ಸುಳ್ಳು. ನಾನೇ ಹೇಳಿದ್ದು. ಹೊಡೆದುಹಾಕಿ ಅದನ್ನ.’

ಉದ್ದಣ್ಣ ‘ಲೇ ಠಸ್ಸೆ!’ ಅಂದ.

‘ಮೊಣಕಾಲಷ್ಟು ನೀರಿತ್ತು. ಒಳಗೆ ಹೋದೆ. ಅಟ್ಟದ ಮೇಲೆ ಐದು ಗರಗಸ ಇತ್ತು, ನೋಡ್ದೆ. ನಮ್ಮ ಅತ್ತಿಗೆದು ಎಲ್ಲಕ್ಕಿಂತ ಮುಂದೆ ಇತ್ತು. ಏಣಿ ಹತ್ತಿದ್ರೆ ಸಿಗ್ತಿತ್ತು ಅಂತಲೇ ಬರ್ಕೊಳ್ಳಿ. ನಾನು ತಗೊಂಡಿದ್ದು ಇದನ್ನ.’ ಚೀಲವನ್ನು ಮೇಜಿನ ಮೇಲಿಟ್ಟ. ಹೊಟ್ಟಿನ ಹಲಗೆ ಟೊಳ್ಳಾಗಿ ಸದ್ದು ಮಾಡಿತು. ಬೆನ್ನ ಹಿಂದೆ, ಗೋಡೆಯ ಹತ್ತಿರ, ಚಪ್ಪಲಿ ನೆಲಕ್ಕೆ ಉಜ್ಜಿದ ಸದ್ದು ಕೇಳಿಸಿತು. ತಿರುಗಲಿಲ್ಲ, ತಿರುಗಿದರೆ ಮಾತು ನಿಂತುಹೋಗುತ್ತದೆ ಅಂತ ಗೊತ್ತಿತ್ತು. ‘ಯಾಕೆ ಅಂತ ಕೇಳಿ. ಆ ಶೆಡ್ಡಿನ ಬಾಗಿಲ ಮೇಲೆ ಬರೆದಿತ್ತು, ಅಪಾಯ ಬಂದರೆ ಮೊದಲು ಸುತ್ತಿಗೆ ಅಂತ. ಹತ್ತೊಂಬತ್ತು ವರ್ಷ ಅದನ್ನ ಓದಿ ಓದಿ ನನ್ನ ಕೈ ನನ್ನ ಮಾತೇ ಕೇಳ್ದಂಗಾಗಿದೆ. ಇದನ್ನ ಮೇಲಿನ ಗೇಟಿಗೆ ಮುಟ್ಸಿ ಬರೋಷ್ಟರಲ್ಲಿ ಶೆಡ್ಡೇ ಇರ್ಲಿಲ್ಲ. ಅವಕಾಶ ಇತ್ತಾ ಅಂತ ಕೇಳ್ತೀರಲ್ಲ, ಇತ್ತು. ಆ ಅವಕಾಶಾನ ನಾನು ಇವರ ಕಾಡಿಗೆ ಕೊಟ್ಟೆ. ಅದಕ್ಕೇ ಇವರ ಹಸಿರು ಕಾಗದ ಇವತ್ತು ಇಲ್ಲಿ ನಿಂತಿರೋದು. ನನ್ನ ಹೆಸರು ಕೂಡ ಬರೆದಿಲ್ಲ ಅದರಲ್ಲಿ, ಕೆಲಸಗಾರ ಅಂತ ಬರೆದಿದ್ದಾರೆ. ಇರ್ಲಿ. ಆದರೆ ಅಡಗಿಸಿಟ್ಟವರು ಅಂತ ಮಾತ್ರ ಅನ್ನಬೇಡಿ. ನಾನು ತಪ್ಪು ಮಾಡಿದ್ದೀನಿ, ಅದು ನನ್ನ ಮನೆಯೋರಿಗೆ ಮಾಡಿದ್ದು. ನಿಮಗಲ್ಲ, ಇವರಿಗಂತೂ ಅಲ್ಲವೇ ಅಲ್ಲ.’

ಇಷ್ಟು ಮಾತು ಅವನು ಜೀವಮಾನದಲ್ಲಿ ಒಟ್ಟಿಗೆ ಆಡಿರಲಿಲ್ಲ. ಬಾಯಿ ಒಣಗಿತ್ತು. ನಲ್ಲಿ ತಿರುಗಿಸಿದರೆ ನೀರು ಬರುತ್ತದೋ ಏನೋ ಎಂಬ ಹುಚ್ಚು ಯೋಚನೆ ಬಂತು. ಸುತ್ತಲಿನ ಸ್ಟೂಲುಗಳ ಮೇಲೆ ಕೂತಿದ್ದವರೆಲ್ಲ ಕತ್ತು ಹೊರಳಿಸಿ ನೋಡುತ್ತಿದ್ದರು, ನೋಡಲಿ. ನೀರಿಗಿಳಿದ ಮೇಲೆ ಚಳಿಯೇನು, ಮಳೆಯೇನು. ಅಧಿಕಾರಿ ಪೆನ್ನಿನ ತುದಿಯನ್ನು ಹಲ್ಲಿಗೆ ತಟ್ಟಿಕೊಳ್ಳುತ್ತ ಯಜಮಾನರ ಕಡೆ ನೋಡಿದಳು. ‘ಹಾಗೊಂದು ನಿಯಮ ಇತ್ತಾ? ನಿಮ್ಮ ಆದೇಶದ ಮೇಲೆ ಅವರು ಸುತ್ತಿಗೆ ತಂದಿದ್ದು ಅಂತಾದ್ರೆ ಕರ್ತವ್ಯದಲ್ಲಿದ್ದಾಗ ಕಳೆದುಕೊಂಡಿದ್ದು ಅಂತ ಬರೀಬಹುದು. ಅದಕ್ಕೆ ಜಾಗ ಇದೆ. ಆದರೆ ಮಾಲೀಕರು ಸಹಿ ಹಾಕ್ಬೇಕು.’

ಯಜಮಾನರು ಬೂಟಿನ ಕೆಸರು ನೋಡಿಕೊಂಡರು. ‘ಬಾಗಿಲ ಮೇಲೆ ಏನೋ ಬರೆದಿತ್ತು,’ ಅಂದರು. ‘ನಮ್ಮ ತಂದೆ ಕಾಲದ್ದು. ಅದನ್ನೆಲ್ಲ ಆದೇಶ ಅಂತ... ಈಗ ಆ ಬಾಗಿಲೇ ಇಲ್ಲ. ಮೊದಲು ಈ ಅಚ್ಚಿನ ಕೆಲಸ ಮುಗಿಸಿಬಿಡೋಣ ಮೇಡಂ,’ ಎಂದು ಮರದ ತುಂಡನ್ನು ಮೇಜಿನ ಮೇಲೆ ಅವನ ಮುಂದಕ್ಕೆ ಸರಿಸಿದರು. ಒಳ್ಳೆಯ ತುಂಡು, ವರ್ಷದ ಬಳೆಗಳು ಒತ್ತೊತ್ತಾಗಿದ್ದವು. ಅವನ ಕೈ ಮತ್ತೆ ತಾನಾಗಿ ಚೀಲದ ಕಡೆ ಹೋಯಿತು. ಹೋಗುವುದನ್ನು ಅವನು ನೋಡಿದ, ಬೇರೆ ಯಾರದೋ ಕೈ ನೋಡುವ ಹಾಗೆ ನೋಡಿದ. ಈ ಸಲ ಅದನ್ನು ಹಿಂದಕ್ಕೆ ಕರೆದು ಪ್ಯಾಂಟಿನ ಜೇಬಿಗೆ ತುರುಕಿದ. ‘ಹೊಡೆಯಲ್ಲ,’ ಅಂದ.

‘ಏನು?’

‘ಹೊಡೆಯಲ್ಲ ಯಜಮಾನ್ರೇ.’

‘ಅಲ್ಲಯ್ಯ, ಸುತ್ತಿಗೆ ನನ್ನದು!’ ಯಜಮಾನರ ದನಿ ಮೊದಲ ಸಲ ಏರಿತು. ‘ನನ್ನ ಸುತ್ತಿಗೆ ಹಿಡ್ಕೊಂಡು ನನಗೇ...’

‘ಸುತ್ತಿಗೆ ನಿಮ್ದೇ,’ ಅಂತ ಹಿಂದಿನಿಂದ ಅತ್ತಿಗೆಯ ದನಿ ಬಂತು. ಅವಳು ಗೋಡೆ ಬಿಟ್ಟು ಬಂದು ಅವನ ಪಕ್ಕದಲ್ಲಿ ನಿಂತಳು, ಅವನ ಕಡೆ ನೋಡಲಿಲ್ಲ. ‘ತೋಳು ನಮ್ದು. ಸುತ್ತಿಗೆ ತಗೊಂಡು ಹೋಗಿ ಯಜಮಾನ್ರೇ, ಯಾರೂ ಬೇಡ ಅನ್ನಲ್ಲ. ಇವನ ಹೆಸರೇ ತಾನೇ ನೋಂದಣಿಯಲ್ಲಿರೋದು? ಬೇರೆಯೋರು ಹೊಡೆದ್ರೆ ನಡೆಯೋ ಹಾಗಿದ್ರೆ ಹೊಡೆಸ್ಕೊಳ್ಳಿ. ನಾವು ಹೊರಗೆ ಮೈದಾನದಲ್ಲಿರ್ತೀವಿ. ಐದು ಗಂಟೆ ತನಕ ಕಚೇರಿ ಅಂತೆ. ಗಡಿಯಾರ ಅಲ್ಲಿದೆ.’

ಉದ್ದಣ್ಣ ಎದ್ದು ನಿಂತ. ಅವನು ಎದ್ದರೆ ಕೋಣೆಯ ಮಾಡು ತಗ್ಗಿದಂತಾಗುತ್ತದೆ. ಏನೂ ಹೇಳಲಿಲ್ಲ, ಅದು ಅವನ ಮಟ್ಟಿಗೆ ದೊಡ್ಡ ಮಾತೇ. ಯಜಮಾನರು ಗಡಿಯಾರ ನೋಡಿದರು, ತುಂಡು ನೋಡಿದರು. ಅವರ ಮುಖದಲ್ಲಿ ಸಿಟ್ಟು ಬಂದು ಹೋಗಿ, ಅದರ ಹಿಂದೆ ಬಹಳ ದಣಿದ ಒಬ್ಬ ಮನುಷ್ಯ ಕಾಣಿಸಿಕೊಂಡ. ಜಾರಿಹೋದ ಇಳಿಜಾರನ್ನು ಈಗ ಕಂಡವರ ಹಾಗೆ ಒಂದು ಸ್ಟೂಲಿನ ಮೇಲೆ ಕುಸಿದರು. ಅವರ ಬೂಟುಗಳೂ ನೆಲಕ್ಕೆ ಮುಟ್ಟಲಿಲ್ಲ. ‘ನಮ್ಮಪ್ಪನೇ ನಿಂತು ಬರೆಸಿದ್ದು,’ ಅಂದರು. ‘ಕೆಂಪು ಬಣ್ಣ ನಾನೇ ತಂದುಕೊಟ್ಟಿದ್ದೆ. ನಿಯಮ ಇತ್ತು. ಬರ್ಕೊಳ್ಳಿ ಮೇಡಂ, ಸಹಿ ಹಾಕ್ತೀನಿ.’

ಅಧಿಕಾರಿ ಬಿಳಿ ಅರ್ಜಿಯ ಮೂರನೇ ಪುಟ ತೆಗೆದು ಎದೆಮಟ್ಟದ ಮೇಲೆ ಗೆರೆ ಎಳೆದಳು. ಹೌದು ಇಲ್ಲಗಳ ಪಕ್ಕದ ಖಾಲಿ ಜಾಗದಲ್ಲಿ ಸಣ್ಣ ಅಕ್ಷರದಲ್ಲಿ ಬರೆಯತೊಡಗಿದಳು. ಪೆನ್ನಿನ ಸದ್ದು ಕೇಳುತ್ತಿತ್ತು. ಗೆದ್ದೆವು ಅಂತ ಅವನಿಗೆ ಅನ್ನಿಸಲಿಲ್ಲ. ಪಕ್ಕದಲ್ಲಿ ನಿಂತ ಅತ್ತಿಗೆಯ ಉಸಿರು ಕೇಳಿಸುತ್ತಿತ್ತು, ಮಿಷನ್ ಚಾಲೂ ಮಾಡುವ ಮುಂಚೆ ಅವಳು ತೆಗೆದುಕೊಳ್ಳುವಂಥ ನಿಧಾನದ ಉಸಿರು. ಸರ್ಕಾರ ಕೊಡುವ ಗರಗಸ ಹೊಸದಾಗಿರುತ್ತದೆ, ಹೊಳೆಯುತ್ತದೆ, ಅದರ ಹಿಡಿಯಲ್ಲಿ ಅಣ್ಣನ ಬೆರಳು ಸವೆಸಿದ ಗುಳಿ ಇರುವುದಿಲ್ಲ. ಮೂರು ವಾರದ ಸುಳ್ಳನ್ನು ಅವನು ಇಷ್ಟು ಜನರೆದುರು ಹರವಿದ್ದ, ಅವಳು ಒಬ್ಬಳೇ ಇದ್ದಾಗ ಹೇಳುವ ಧೈರ್ಯ ಇಲ್ಲದೆ. ಇವರಿಗೆಲ್ಲ ಎದುರು ನಿಲ್ಲುವುದು ಸುಲಭ, ಮನೆಗೆ ಹೋಗುವ ದಾರಿಯಲ್ಲಿ ಇವಳ ಪಕ್ಕ ನಡೆಯುವುದು ಹೇಗೆ ಅಂತ ಅವನಿಗೆ ನಿಜವಾಗಿ ಭಯವಾಯಿತು.

‘ನೀರಿನ ಮಟ್ಟ ಏನು ಬರೀಲಿ?’ ಅಧಿಕಾರಿ ತಲೆ ಎತ್ತದೆ ಕೇಳಿದಳು. ‘ಮೊಣಕಾಲು ಅಂದ್ರಲ್ವಾ?’

‘ಹೌದು, ಮೊಣಕಾಲು,’ ಅಂದ.

‘ಮೊಣಕಾಲಲ್ಲ,’ ಅಂದಳು ಅತ್ತಿಗೆ. ಈಗ ಅವನ ಕಡೆ ತಿರುಗಿ, ನೇರ ಅವನ ಮುಖ ನೋಡಿಕೊಂಡೇ ಅಧಿಕಾರಿಗೆ ಹೇಳಿದಳು: ‘ಮೊಣಕಾಲಿಗಿಂತ ನಾಲ್ಕು ಬೆರಳು ಕೆಳಗೆ. ಅವತ್ತು ಇವನ ಪ್ಯಾಂಟು ಒಗೆದವಳು ನಾನು. ಸರಿಯಾಗಿ ಬರ್ಕೊಳ್ಳಿ.’